ಉದ್ಯೋಗ: ಕೂಲಿ

ದವಾಖಾನೆಯಲ್ಲಿ ಚೀಟಿ ಮಾಡಿಸುವ ಕಿಟಕಿಗೆ ಹೋದರೆ ಹೆಸರು ಕೇಳುತ್ತಾರೆ, ತಂದೆಯದೋ ಗಂಡನದೋ ಹೆಸರು ಕೇಳುತ್ತಾರೆ, ಆಧಾರ್ ಕೇಳುತ್ತಾರೆ, ರೇಷನ್ ಕಾರ್ಡು ಕೇಳುತ್ತಾರೆ, ಓಟಿಪಿ ಬರುವ ಮೊಬೈಲು ಯಾರ ಕಿಸೆಯಲ್ಲಿದೆ ಎಂದೂ ಕೇಳುತ್ತಾರೆ. 'ಉದ್ಯೋಗ' ಎಂಬ ಕಲಂ ಬಂದಾಗ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಅಂಗಿ ನೋಡಿ, ಚಪ್ಪಲಿ ನೋಡಿ, 'ಕೂಲಿ' ಎಂದು ಬರೆದು ಚೀಟಿ ಹರಿದು ಕೊಡುತ್ತಾರೆ. ಸಿಂಧನೂರಿನಲ್ಲಿ ಭತ್ತ ನಾಟಿ ಮಾಡುವವಳು ಕೂಲಿ. ಮಸ್ಕಿ ಕಡೆ ಕ್ರಷರಿನ ಬಾಯಿಗೆ ಕಲ್ಲು ತುಂಬುವವನು ಕೂಲಿ. ಲಿಂಗಸುಗೂರು ತಾಲ್ಲೂಕಿನ ಕ್ವಾರಿಯಲ್ಲಿ ಬಂಡೆ ಕೊರೆಯುವವನೂ ಕೂಲಿಯೇ. ಬಡವರ ನಡುವೆ ಇಷ್ಟು ಸಲೀಸಾಗಿ ಸಮಾನತೆ ತಂದ ಸರ್ಕಾರಿ ದಾಖಲೆ ಇನ್ನೊಂದಿರಲಾರದು.

ಕಿಟಕಿಯ ಗುಮಾಸ್ತನನ್ನು ಬೈದು ಉಪಯೋಗವಿಲ್ಲ. ಒಳಗೆ ಕುಳಿತ ಡಾಕ್ಟರರೂ ಕೇಳುವುದಿಲ್ಲ. ಇಟಲಿಯ ಬರ್ನಾರ್ಡಿನೊ ರಾಮಾಜ್ಜಿನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ಕಾಯಿಲೆಗಳ ಮೇಲೆ ಒಂದು ಪುಸ್ತಕ ಬರೆದ. ರೋಗಿಯ ಮನೆಗೆ ಹೋದ ವೈದ್ಯ ಏನೇನು ಕೇಳಬೇಕು ಎಂದು ಹಿಪ್ಪೊಕ್ರೆಟಿಸ್ ಹೇಳಿಟ್ಟಿದ್ದ ಪ್ರಶ್ನೆಗಳಿಗೆ ಅವನು ಇನ್ನೊಂದನ್ನು ಸೇರಿಸಿದ: ನೀನು ಮಾಡುವ ಕಸುಬು ಯಾವುದು? ಆಗ ಔರಂಗಜೇಬ ಇನ್ನೂ ಬದುಕಿದ್ದ, ನಮ್ಮ ಕಡೆಯೇ ಕೋಟೆಗಳಿಗೆ ಮುತ್ತಿಗೆ ಹಾಕಿಕೊಂಡು ಓಡಾಡುತ್ತಿದ್ದ. ಅವನ ಸೈನ್ಯ ಬಂತು, ಹೋಯಿತು. ನಿಜಾಮರು ಬಂದರು, ಹೋದರು. ರೈಲು ಬಂತು, ಎಂಆರ್‌ಐ ಬಂತು. ರಾಮಾಜ್ಜಿನಿಯ ಪ್ರಶ್ನೆ ಇನ್ನೂ ರಾಯಚೂರು ಜಿಲ್ಲೆಗೆ ಬಂದು ಮುಟ್ಟಿಲ್ಲ. ದಾರಿಯಲ್ಲೆಲ್ಲೋ ದಮ್ಮು ಹತ್ತಿ ಕುಳಿತಿರಬೇಕು.

ಆ ಪ್ರಶ್ನೆ ಕೇಳದೆ ಹಿಡಿಯಲಾಗದ ಕಾಯಿಲೆ ಒಂದಿದೆ. ಹೆಸರು ಸಿಲಿಕೋಸಿಸ್. ಗ್ರಾನೈಟಿನಲ್ಲಿ, ಮರಳುಗಲ್ಲಿನಲ್ಲಿ, ಬೆಣಚುಕಲ್ಲಿನಲ್ಲಿ ಇರುವ ಸಿಲಿಕಾ ಹರಳು ಕೊರೆದಾಗ, ಒಡೆದಾಗ, ಅರೆದಾಗ ಧೂಳಾಗಿ ಏಳುತ್ತದೆ. ಕಣ್ಣಿಗೆ ಕಾಣುವ ಧೂಳು ಅಷ್ಟು ಕೆಟ್ಟದ್ದಲ್ಲ. ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಂಡು ಕಫದ ಜೊತೆ ಹೊರಗೆ ಬೀಳುತ್ತದೆ. ಕಾಣದಿರುವುದೇ ಕೆಟ್ಟದ್ದು. ನಾಲ್ಕೈದು ಮೈಕ್ರಾನಿಗಿಂತ ಸಣ್ಣ ಕಣ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿನವರೆಗೆ ಇಳಿಯುತ್ತದೆ. ಅಲ್ಲಿ ಕಸ ತಿಂದು ಚೊಕ್ಕಟ ಮಾಡುವ ಕಾವಲು ಕೋಶ ಈ ಕಲ್ಲನ್ನೂ ತಿನ್ನುತ್ತದೆ, ತಿಂದು ತಾನೇ ಸಾಯುತ್ತದೆ. ಸತ್ತ ಕೋಶದಿಂದ ಹೊರಬಿದ್ದ ಕಲ್ಲನ್ನು ತಿನ್ನಲು ಮತ್ತೊಂದು ಬರುತ್ತದೆ. ಗಾಯದ ಮೇಲೆ ಗಾಯ, ಅದರ ಮೇಲೆ ಗಂಟು. ಹತ್ತು ವರ್ಷವೋ ಇಪ್ಪತ್ತು ವರ್ಷವೋ ಕಳೆದ ಮೇಲೆ ಒಂದು ದಿನ ದಿಬ್ಬ ಹತ್ತಲಾಗುವುದಿಲ್ಲ. ಧೂಳು ವಿಪರೀತವಾದರೆ ಅಷ್ಟು ಕಾಲವೂ ಬೇಡ. ಕೆಲಸ ಬಿಟ್ಟರೂ ಗಂಟು ಬೆಳೆಯುವುದು ನಿಲ್ಲುವುದಿಲ್ಲ. ವಾಸಿ ಮಾಡುವ ಔಷಧ ಇಲ್ಲ. ತಡೆಯುವ ಔಷಧ ಇದೆ, ಅದರ ಹೆಸರು ನೀರು. ಆ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ನಮ್ಮ ಕಲ್ಲಿನ ಘನತೆಯನ್ನು ಹೇಳಬೇಕು. ಲಿಂಗಸುಗೂರಿನಿಂದ ಮಸ್ಕಿಯ ಕಡೆಗೆ ಹರಡಿರುವ ಬಂಡೆಯ ಪಟ್ಟಿಗೆ ಭೂವಿಜ್ಞಾನಿಗಳು ಹಟ್ಟಿ-ಮಸ್ಕಿ ಪಟ್ಟಿ ಎಂದೇ ಹೆಸರಿಟ್ಟಿದ್ದಾರೆ. ಅದರೊಳಗಿನ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಇದೆ. ಟನ್ನುಗಟ್ಟಲೆ ಅರೆದರೆ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಎರಡು ಸಾವಿರ ವರ್ಷದ ಹಿಂದೆಯೇ ಹಟ್ಟಿಯಲ್ಲಿ ಬೆಂಕಿ ಹಾಕಿ, ಬಂಡೆ ಸಿಡಿಸಿ ಆಳಕ್ಕಿಳಿದವರಿದ್ದರು. ಅವರೂ ಕೆಮ್ಮಿರಬೇಕು; ಚೀಟಿ ಮಾಡಿಸಿದ್ದಕ್ಕೆ ದಾಖಲೆ ಇಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಮಸ್ಕಿಯ ಗುಡ್ಡದಲ್ಲಿ ಬಂಡೆಯ ಮೇಲೆ ಬರಹ ಕಂಡ. ಚಿನ್ನ ಹುಡುಕುವವನಿಗೆ ಚಕ್ರವರ್ತಿ ಸಿಕ್ಕ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಬಿರುದಿನ ಹಿಂದೆ ಅಡಗಿದ್ದವನ ಹೆಸರು ಅಶೋಕ ಎಂದು ಬಾಯಿಬಿಟ್ಟು ಹೇಳಿದ್ದು ಮಸ್ಕಿಯ ಕಲ್ಲು. ಈಗ ಆ ಕಲ್ಲಿಗೆ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಹಟ್ಟಿಯ ಕಲ್ಲಿಗೆ ಸರ್ಕಾರದ್ದೇ ಕಂಪನಿ ಇದೆ. ಕ್ವಾರಿಯ ಕಲ್ಲಿಗೆ ಗುತ್ತಿಗೆದಾರ ಇದ್ದಾನೆ, ಅವನಿಗೆ ಶಾಸಕರಿದ್ದಾರೆ. ಎದೆಯೊಳಗೆ ಹೋಗಿ ಕುಳಿತ ಕಲ್ಲು ಒಂದೇ ಅನಾಥ.

ಅನಾಥ ಅಂದ ಮಾತ್ರಕ್ಕೆ ಅದಕ್ಕೆ ಬಿರುದುಗಳಿಲ್ಲ ಎಂದಲ್ಲ. ಹಳ್ಳಿಯಲ್ಲಿ ಅದು 'ದಮ್ಮು'. ಆರ್‌ಎಂಪಿ ಡಾಕ್ಟರ ಹತ್ತಿರ 'ಕಫಾ ಕಟ್ಟೇತಿ'. ತಾಲ್ಲೂಕಿನಲ್ಲಿ 'ಟಿಬಿ'. ಜಿಲ್ಲೆಯಲ್ಲಿ 'ಹಳೆಯ ಟಿಬಿ'. ದೊಡ್ಡ ಊರಿನಲ್ಲಿ 'ಸಿಒಪಿಡಿ'. ಇನ್ನೂ ದೊಡ್ಡ ಊರಿನಲ್ಲಿ 'ಐಎಲ್‌ಡಿ'. ಊರು ದೊಡ್ಡದಾದಷ್ಟೂ ಬಿರುದು ಉದ್ದ, ಬಿಲ್ಲು ಇನ್ನೂ ಉದ್ದ. ನಿಜವಾದ ಹೆಸರು ಹೇಳುವ ಬೀಡನ್ ಸಾಹೇಬನೊಬ್ಬನೇ ಸಿಕ್ಕುವುದಿಲ್ಲ.

ಒಬ್ಬ ಕಾಕಾನನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ, ಹೆಸರಿಟ್ಟರೆ ಆಧಾರ್ ಕೇಳುತ್ತಾರೆ. ಮೀಸೆ ಮೂಡುವ ಮೊದಲೇ ಕ್ವಾರಿಗೆ ಹೋದವನು, ಆಮೇಲೆ ಕ್ರಷರಿಗೆ. ಕೆಮ್ಮು ಶುರುವಾದಾಗ ಮೊದಲು ಬೆಲ್ಲ ತಿಂದ. ಬೆಲ್ಲ ತಿಂದರೆ ಧೂಳು ಇಳಿದು ಹೋಗುತ್ತದೆ ಎಂಬುದು ಕಲ್ಲಿನ ಕೆಲಸದ ಜಾಗದಲ್ಲೆಲ್ಲ ನಡೆಯುವ ವೈದ್ಯ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಹೋಗುವುದು ಎದೆಗೆ, ಈ ಎರಡೂ ಒಂದನ್ನೊಂದು ಭೇಟಿಯಾಗುವ ಸಂದರ್ಭವೇ ಇಲ್ಲ. ಆದರೂ ಮಾಲೀಕನಿಗೆ ಈ ವೈದ್ಯದ ಮೇಲೆ ಅಪಾರ ನಂಬಿಕೆ, ಯಾಕೆಂದರೆ ಧೂಳು ಹೀರುವ ಯಂತ್ರಕ್ಕಿಂತ ಅಚ್ಚು ಬೆಲ್ಲ ಅಗ್ಗ.

ಬೆಲ್ಲಕ್ಕೆ ಬಗ್ಗದ ಕೆಮ್ಮಿಗೆ ಆರ್‌ಎಂಪಿ ಬಾಟ್ಲಿ ಹಚ್ಚಿದ. ಬಾಟ್ಲಿಗೂ ಬಗ್ಗದಾಗ ಕಾಕಾ ಸಿಂಧನೂರಿಗೆ ಬಂದ. ಸಿಂಧನೂರು ಶ್ರೀಮಂತ ಊರು; ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಭತ್ತವಾಗಿ, ಭತ್ತ ಅಕ್ಕಿಯಾಗಿ, ಅಕ್ಕಿ ನರ್ಸಿಂಗ್ ಹೋಮ್ ಆಗಿ ನಿಂತ ಊರು. ಅಲ್ಲಿ ಎಕ್ಸ್-ರೇ ತೆಗೆದರು. ನಮ್ಮವರು ಇದಕ್ಕೆ 'ಫೋಟೋ' ಎನ್ನುತ್ತಾರೆ. ಕಾಕಾನ ಜೀವಮಾನದಲ್ಲಿ ಮದುವೆಯ ಫೋಟೋ ಒಂದೇ, ಎದೆಯ ಫೋಟೋ ಚೀಲದ ತುಂಬ. ಆ ಫೋಟೋದ ಮೇಲ್ಭಾಗದಲ್ಲಿ, ಎರಡೂ ಕಡೆ, ಜೋಳದ ನುಚ್ಚು ಎರಚಿದಂತೆ ಸಣ್ಣ ಸಣ್ಣ ಚುಕ್ಕೆ. ಚುಕ್ಕೆ ಕಂಡ ಕೂಡಲೇ ಟಿಬಿ ಗುಳಿಗೆ ಶುರು.

ಇಲ್ಲಿ ಡಾಕ್ಟರರ ಪರವಾಗಿಯೂ ಒಂದು ಮಾತು ಹೇಳಬೇಕು. ಟಿಬಿ ಇರುವ ಊರಿನಲ್ಲಿ ಚುಕ್ಕೆ ನೋಡಿ ಟಿಬಿ ನೆನೆಯುವುದು ಪಾಪವಲ್ಲ. ಸಿಲಿಕಾ ತಿಂದ ಶ್ವಾಸಕೋಶಕ್ಕೆ ಟಿಬಿ ಬರುವ ಸಂಭವವೂ ಹಲವು ಪಟ್ಟು ಹೆಚ್ಚು, ಎರಡೂ ಒಟ್ಟಿಗೇ ಇರಬಹುದು. ಆದರೆ ಕಫದಲ್ಲಿ ಕ್ರಿಮಿ ಸಿಗಲಿಲ್ಲ, ಆರು ತಿಂಗಳು ಗುಳಿಗೆ ನುಂಗಿದ ಮೇಲೂ ಚುಕ್ಕೆ ಒಂದೂ ಕದಲಲಿಲ್ಲ, ಎಂದಾಗಲಾದರೂ ಅನುಮಾನ ಬರಬೇಕಲ್ಲ? ಅನುಮಾನ ಬಂತು. ಕಾಕಾ ಗುಳಿಗೆಯನ್ನು ಸರಿಯಾಗಿ ನುಂಗಿಲ್ಲ ಎಂಬ ಅನುಮಾನ. ಮತ್ತೊಂದು ಕೋರ್ಸು ಬರೆದರು. ಒಂದು ಲಾಭವನ್ನು ಮರೆಯಬಾರದು: ಟಿಬಿ ಎಂದು ಬರೆದರೆ ನಿಕ್ಷಯ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಐನೂರು ರೂಪಾಯಿ, 2024ರ ನವೆಂಬರಿನಿಂದ ಸಾವಿರ. ಸಿಲಿಕೋಸಿಸ್ ಎಂದು ಬರೆದರೆ ಆ ಖಾತೆಯಲ್ಲಿ ಚಿಕ್ಕಾಸೂ ಇಲ್ಲ. ಹೀಗಾಗಿ ಕಾಕಾನ ಮನೆಯವರೂ ಟಿಬಿಯನ್ನೇ ಇಷ್ಟಪಟ್ಟರು. ದೇಶದಿಂದ ಟಿಬಿಯನ್ನು 2025ಕ್ಕೆ ಓಡಿಸುವ ಗುರಿ ಇತ್ತು. ಓಡಿಸಬೇಕಾದ ಲೆಕ್ಕದಲ್ಲಿ ಎಷ್ಟು ಕಲ್ಲು ಕೂತಿತ್ತೋ, ಲೆಕ್ಕ ಹಾಕಿದವರು ತಿರುಗಿ ನೋಡಿದಂತಿಲ್ಲ.

ಎರಡನೇ ಕೋರ್ಸೂ ಮುಗಿದ ಮೇಲೆ ಕಾಕಾನ ದಿಗ್ವಿಜಯ ಯಾತ್ರೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಹೊಲಿದಿರುವುದು ಬಳ್ಳಾರಿಯ ಕಡೆ ಹೋಗುವ 150ಎ ಹೆದ್ದಾರಿ. ಅದರ ಕೆಳಗೆ ಹಾಸಿರುವ ಜಲ್ಲಿಯಲ್ಲಿ ಒಂದಿಷ್ಟು ಕಾಕಾನೇ ಒಡೆದದ್ದು. ತಾನು ಒಡೆದ ಕಲ್ಲಿನ ಮೇಲೆ, ತಾನು ನುಂಗಿದ ಕಲ್ಲನ್ನು ತೋರಿಸಲು, ಬಸ್ಸಿಗೆ ದುಡ್ಡು ಕೊಟ್ಟು ಹೋಗುವ ಸೌಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ರಾಯಚೂರು ಆಯಿತು, ಬಳ್ಳಾರಿ ಆಯಿತು, ಹುಬ್ಬಳ್ಳಿ ಆಯಿತು. ಹೊಲ ಬಡ್ಡಿಗೆ ಹೋಯಿತು. ಕೊನೆಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ. ಸಿಟಿ ಸ್ಕ್ಯಾನ್ ನೋಡಿ ಅಲ್ಲಿಯವರು ಹೇಳಿದರು: ಏನೋ ಇದೆ, ಒಳಗೇ ಹೋಗಿ ನೋಡಬೇಕು. ದುರ್ಬೀನು ಇಳಿಸಿ ಚೂರು ಕತ್ತರಿಸಿ ತೆಗೆಯುತ್ತೇವೆ, ಸಾಲದಿದ್ದರೆ ಪಕ್ಕೆಯಲ್ಲಿ ತೂತು ಮಾಡಿ ಚೂರು ತೆಗೆಯುತ್ತೇವೆ. ಎಚ್ಚರ ತಪ್ಪಿಸಬೇಕಾಗುತ್ತದೆ. ಸಹಿ ಹಾಕಿ.

ಶ್ವಾಸನಾಳದೊಳಗೆ ದುರ್ಬೀನು ಇಳಿಸುವ ವಿದ್ಯೆ ಹಳೆಯದು. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ಎಂಬ ವೈದ್ಯ ಗಟ್ಟಿ ಕೊಳವೆ ಇಳಿಸಿ, ಒಬ್ಬ ರೈತನ ಶ್ವಾಸನಾಳದಲ್ಲಿ ಸಿಕ್ಕಿಕೊಂಡಿದ್ದ ಮೂಳೆಯ ಚೂರನ್ನು ಹೊರಗೆ ತೆಗೆದ. ನೋವು ತಿಳಿಯದಿರಲು ಆಗ ಬಳಸಿದ್ದು ಕೊಕೇನ್. ನನ್ನ ಗಮನ ಸೆಳೆದದ್ದು ಕೊಳವೆಯೂ ಅಲ್ಲ, ಕೊಕೇನೂ ಅಲ್ಲ. ರೋಗಿ ರೈತ ಎಂಬುದು ಇವತ್ತಿಗೂ ವೈದ್ಯಚರಿತ್ರೆಯಲ್ಲಿ ಉಳಿದಿದೆ! ಅಂದರೆ ಯಾರೋ ಕೇಳಿದ್ದರು. ಬಾಗುವ ದುರ್ಬೀನು ತಂದವರು ಜಪಾನಿನ ಶಿಗೆತೊ ಇಕೆಡಾ, 1960ರ ದಶಕದಲ್ಲಿ. ಈಗ ಗಂಟಲಿಗೆ ಲಿಗ್ನೊಕೇನ್ ಸಿಂಪಡಿಸಿ, ನರಕ್ಕೆ ಮಂಪರಿನ ಸೂಜಿ ಕೊಟ್ಟು, ಕವಲು ಕವಲಿನೊಳಗೆ ಹೋಗಿ ಬರುತ್ತಾರೆ. ಪಕ್ಕೆಯಿಂದ ಚೂರು ತೆಗೆಯುವುದಾದರೆ ಪೂರ್ತಿ ಎಚ್ಚರ ತಪ್ಪಿಸಿ, ಉಸಿರಾಟವನ್ನು ಯಂತ್ರಕ್ಕೆ ವಹಿಸುತ್ತಾರೆ.

ಅಂಥ ಕೆಲಸದ ಮೊದಲು ಅರಿವಳಿಕೆ ತಜ್ಞರು ರೋಗಿಯನ್ನು ನೋಡಲೇಬೇಕೆಂಬ ನಿಯಮ ಇದೆ. ಈ ಇಡೀ ಯಾತ್ರೆಯಲ್ಲಿ ಕಾಕಾನ ಉಸಿರಿನ ಬಗ್ಗೆ ಪ್ರಾಮಾಣಿಕ ಕುತೂಹಲ ತೋರಿಸಿದ ಮೊದಲ ಮನುಷ್ಯ, ಅವನ ಎಚ್ಚರ ತಪ್ಪಿಸಲು ಬಂದವರು.

"ಹಲ್ಲು ಅಲ್ಲಾಡ್ತಾವಾ ಯಜಮಾನ್ರೇ?"

"ಎರಡು ಅಲ್ಲಾಡ್ತಾವ್ರಿ."

"ಬೀಡಿ?"

"ಬಿಟ್ಟು ಭಾಳ ದಿನ ಆತ್ರಿ. ಸೇದಿದ್ರ ದಮ್ಮು ಹತ್ತತೈತ್ರಿ."

"ಎಷ್ಟು ಮೆಟ್ಟಿಲು ಹತ್ತುತ್ತೀರಿ?"

"ನಮ್ಮೂರಾಗ ಮೆಟ್ಲಾ ಇಲ್ರಿ ಸಾಹೇಬ್ರ. ಇಲ್ಲಿ ನಿಮ್ದು ಲಿಫ್ಟ್ ಕೆಟ್ಟಿತ್ತು, ನಡುವ ಕುಂತು ಕುಂತು ಬಂದೇನ್ರಿ."

"ಏನು ಕೆಲಸ ಮಾಡ್ತಿದ್ರಿ?"

ಕಾಕಾ ಬಾಗಿಲ ಕಡೆ ನೋಡಿದ, ಇನ್ಯಾರನ್ನೋ ಕೇಳುತ್ತಿದ್ದಾರೆ ಅಂತ.

"ಕಲ್ಲಿನ ಕೆಲಸರಿ."

"ಎಷ್ಟು ವರ್ಷ?"

"ಮದುವಿ ಆಗೂಕಿಂತ ಮೊದಲಿಂದರಿ. ಮೊದ್ಲ ಕ್ವಾರಿ, ಆಮ್ಯಾಲ ಕ್ರಷರು."

"ನೀರು ಹಾಕಿ ಕೊರೀತಿದ್ರಾ, ಒಣಾನೇ ಕೊರೀತಿದ್ರಾ?"

"ಕುಡಿಯಾಕ ನೀರು ಇರ್ತಿದ್ದಿಲ್ರಿ ಸಾಹೇಬ್ರ, ಕಲ್ಲಿಗೆಲ್ಲಿಂದ ಹಾಕೂನ್ರಿ?"

ಅಷ್ಟೇ. ರೋಗ ಪತ್ತೆಯಾಯಿತು. ಸೂಜಿ ಚುಚ್ಚಲಿಲ್ಲ, ಕೊಳವೆ ಇಳಿಸಲಿಲ್ಲ, ಎಚ್ಚರ ತಪ್ಪಿಸಲಿಲ್ಲ. ಕಲ್ಲಿನ ಕೆಲಸದ ಚರಿತ್ರೆ, ಜೊತೆಗೆ ಎಕ್ಸ್-ರೇಯಲ್ಲಿ ಆ ನಮೂನೆಯ ಚುಕ್ಕೆ, ಟಿಬಿಯಂಥ ಬೇರೆ ಕಾರಣ ಇಲ್ಲವೆಂಬ ಖಾತ್ರಿ: ಬಹುಪಾಲು ಸಂದರ್ಭದಲ್ಲಿ ಸಿಲಿಕೋಸಿಸ್ ಹೇಳಲು ಇಷ್ಟು ಸಾಕು ಎಂದು ವೈದ್ಯಶಾಸ್ತ್ರದ ಪುಸ್ತಕಗಳೇ ಹೇಳುತ್ತವೆ. ಹೋಲಿಸಿ ನೋಡಲು ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾದರಿ ಎಕ್ಸ್-ರೇಗಳ ಸೆಟ್ಟನ್ನೇ ಮಾಡಿಕೊಟ್ಟಿದೆ. ಚೂರು ತೆಗೆದು ನೋಡಬೇಕಾಗುವುದು ಅಪರೂಪಕ್ಕೆ, ಕ್ಯಾನ್ಸರೋ ಏನೋ ಎಂಬ ಗುಮಾನಿ ಇದ್ದಾಗ.

ಅರಿವಳಿಕೆಯವರು ಯಾಕೆ ಕೇಳಿದರು? ಕರುಣೆಯಿಂದ ಎಂದು ಬರೆದರೆ ಲೇಖನಕ್ಕೆ ಶೋಭೆ. ಆದರೆ ಅವರು ಕೇಳಿದ್ದು ಭಯದಿಂದ. ಗಂಟುಗಟ್ಟಿದ ಶ್ವಾಸಕೋಶ ಹಿಗ್ಗುವುದಿಲ್ಲ, ಕೂಡಿಟ್ಟ ಆಮ್ಲಜನಕವೂ ಅದರಲ್ಲಿ ಕಡಿಮೆ. ಮಂಪರಿನಲ್ಲಿ ಉಸಿರು ಸ್ವಲ್ಪ ಮಂದವಾದರೂ ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿ ಸರಸರನೆ ಇಳಿಯುತ್ತದೆ. ಯಂತ್ರದಿಂದ ಗಾಳಿ ಒತ್ತಿದರೆ ಬಿರಿದು, ಎದೆಗೂಡಿಗೇ ಗಾಳಿ ನುಗ್ಗಬಹುದು. ಹಾಗೇನಾದರೂ ಆದರೆ ಕಾಗದದ ಮೇಲೆ ಸಹಿ ಇರುವುದು ಅವರದು. ಹೊಣೆ ಯಾರ ತಲೆಯ ಮೇಲಿದೆಯೋ ಅವರಿಗೆ ಪ್ರಶ್ನೆ ಹೊಳೆಯುತ್ತದೆ, ಉಳಿದವರಿಗೆ ಸ್ಕ್ಯಾನ್ ಹೊಳೆಯುತ್ತದೆ. ಅವರು ತಮ್ಮ ಹಾಳೆಯ ಮೂಲೆಯಲ್ಲಿ 'ಸಿಲಿಕೋಸಿಸ್?' ಎಂದು ಬರೆದರು. ಪ್ರಶ್ನೆಯ ಚಿಹ್ನೆ ಸಮೇತ. ಆ ಹಾಳೆ ಕಡತದ ಹೊಟ್ಟೆಗೆ ಹೋಯಿತು, ಕಾಕಾನ ಕೈಗೆ ಬಂದ ಡಿಸ್ಚಾರ್ಜ್ ಕಾಗದದಲ್ಲಿ 'ಐಎಲ್‌ಡಿ' ಇತ್ತು. ಉದ್ಯೋಗ: ಕೂಲಿ.

ಹೆಸರು ಬರೆಯಲು ಯಾಕಿಷ್ಟು ನಾಚಿಕೆ ಎಂದರೆ, ಇದು ಬರೆದರೆ ಬೆನ್ನಿಗೆ ಬರುವ ಹೆಸರು. 1948ರ ಕಾರ್ಖಾನೆ ಕಾಯಿದೆ ಸಿಲಿಕೋಸಿಸ್ಸನ್ನು ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಇಟ್ಟಿತು. 1952ರ ಗಣಿ ಕಾಯಿದೆಯಡಿ ಕೂಡ ಇದು ಅಧಿಸೂಚಿತ ರೋಗವಾಗಿತ್ತು. ಕಾರ್ಖಾನೆಯವನಲ್ಲಿ ಇಂಥ ಕಾಯಿಲೆ ಕಂಡ ವೈದ್ಯ ಮುಖ್ಯ ಇನ್ಸ್‌ಪೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು ಎಂದಿತ್ತು 89ನೇ ಕಲಂ. ತಿಳಿಸದ ವೈದ್ಯನಿಗೆ ದಂಡವೂ ಇತ್ತು: ಹೆಚ್ಚೆಂದರೆ ಸಾವಿರ ರೂಪಾಯಿ. ಸಿಟಿ ಸ್ಕ್ಯಾನಿನ ಅರ್ಧ ರೇಟೂ ಅಲ್ಲ. ಅದೂ ಕಂಡದ್ದನ್ನು ತಿಳಿಸದಿದ್ದರೆ ಮಾತ್ರ. ಕಾಣದೇ ಇದ್ದರೆ? ಕೇಳದವನಿಗೆ ಕಾಣುವುದಿಲ್ಲ, ಕಾಣದವನಿಗೆ ದಂಡವಿಲ್ಲ. ಇನ್ನು 1923ರ ಪರಿಹಾರ ಕಾಯಿದೆಯ ಮೂರನೇ ಪರಿಶಿಷ್ಟದಲ್ಲಿ ಕಲ್ಲಿನ ಧೂಳಿನ ಕಾಯಿಲೆಯೂ ಇತ್ತು. ಅಂದರೆ ಹೆಸರು ಬಿದ್ದ ದಿನವೇ ಮಾಲೀಕ ಯಾರು ಎಂಬ ಮಾತು ಏಳುತ್ತದೆ. ಟಿಬಿಗೆ ಮಾಲೀಕನಿಲ್ಲ. ಅದನ್ನು ಹರಡಿದವನು ಪಕ್ಕದ ಮನೆಯವನು, ಇಲ್ಲವೇ ಹಣೆಬರಹ. ಅದಕ್ಕೇ ಟಿಬಿ ಎಲ್ಲರಿಗೂ ಹಿತ.

ಗಣಿ ನಿಯಮದ ಪ್ರಕಾರ ಗಣಿಯಲ್ಲಿ ದುಡಿಯುವ ಪ್ರತಿಯೊಬ್ಬನಿಗೂ ಸೇರುವಾಗ ಒಂದು, ಆಮೇಲೆ ಐದು ವರ್ಷಕ್ಕೊಮ್ಮೆಯಾದರೂ ಒಂದು ವೈದ್ಯಕೀಯ ಪರೀಕ್ಷೆ ಆಗಬೇಕಿತ್ತು. ಕ್ವಾರಿಯೂ 'ಗಣಿ'ಯೇ. ಹಟ್ಟಿಯಂಥ ಸರ್ಕಾರಿ ಕಂಪನಿಯ ಖಾಯಂ ಕಾರ್ಮಿಕನಿಗೆ ದವಾಖಾನೆ ಉಂಟು, ಯೂನಿಯನ್ ಉಂಟು, ಪಗಾರದ ಚೀಟಿ ಉಂಟು. ದಮ್ಮು ಬಂದರೆ ಕೂಗಾಡಲು ಗೇಟು ಉಂಟು. ಕ್ವಾರಿಯ ಕಾಕಾ ಮಸ್ಟರ್ ಪುಸ್ತಕದಲ್ಲಿ ಐದು ತಿಂಗಳು ಉಳಿಯುವುದಿಲ್ಲ, ಐದು ವರ್ಷದ ತಪಾಸಣೆಗೆ ಯಾವ ಹಾಜರಿಯಿಂದ ಅವನನ್ನು ಕರೆಯುವುದು? ಅವನು ಕಾನೂನಿನ ಕೈಗೆ ಸಿಗದಷ್ಟು ಸೂಕ್ಷ್ಮ. ನಾಲ್ಕೈದು ಮೈಕ್ರಾನಿಗಿಂತಲೂ.

ಇದೆಲ್ಲ ಈಗ ತಾನೇ ತಿಳಿದ ಸಂಗತಿ, ಸ್ವಲ್ಪ ಕಾಲಾವಕಾಶ ಬೇಕು ಎಂದು ಯಾರಾದರೂ ಹೇಳಬಹುದು. ಇದೇ ರಾಜ್ಯದ ಇನ್ನೊಂದು ಮೂಲೆಯ ಕೆಜಿಎಫ್‌ನಲ್ಲಿ 1940ರಿಂದ 1946ರ ನಡುವೆ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದ್ದರು. ಶೇ 43.7 ಜನರ ಎದೆಯಲ್ಲಿ ಸಿಲಿಕೋಸಿಸ್ ಇತ್ತು. ಹೆಚ್ಚುಕಡಿಮೆ ಅರ್ಧ. ಸ್ವಾತಂತ್ರ್ಯ ಬರುವ ಮೊದಲೇ, ಸಿಟಿ ಸ್ಕ್ಯಾನ್ ಹುಟ್ಟುವ ಎಷ್ಟೋ ಮೊದಲೇ, ಬರೀ ಎಕ್ಸ್-ರೇ ಮತ್ತು ಪ್ರಶ್ನೆಗಳಿಂದ ಇಷ್ಟು ಗೊತ್ತಾಗಿತ್ತು. 2001ರಲ್ಲಿ ಆ ಗಣಿಯೇ ಮುಚ್ಚಿತು. ಆಮೇಲೆ ಅದರ ಹೆಸರಿನಲ್ಲಿ ಸಿನಿಮಾ ಬಂತು, ದೇಶವೆಲ್ಲ ಧೂಳು ನೋಡಿ ಸೀಟಿ ಹೊಡೆಯಿತು. ಅದರಲ್ಲಿ ಗುಂಡು ತಿಂದು ಸಾಯುವವರಿಗೆ ಲೆಕ್ಕವಿಲ್ಲ. ಕೆಮ್ಮಿ ಸಾಯುವವರಿಗೆ ಹಿನ್ನೆಲೆ ಸಂಗೀತ ಹೊಂದುವುದಿಲ್ಲ.

ಬೇರೆ ಕಡೆ ಏನಾಯಿತು ನೋಡಿ. ಗುಜರಾತಿನ ಗೋಧ್ರಾ ಕಡೆಯ ಬೆಣಚುಕಲ್ಲು ಅರೆಯುವ ಕಾರ್ಖಾನೆಗಳಿಗೆ ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾದಿಂದ ಆದಿವಾಸಿಗಳು ಕೂಲಿಗೆ ಹೋಗುತ್ತಿದ್ದರು. 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಇದೇ ಕಾಯಿಲೆಯಿಂದ ಸತ್ತ 238 ಜನರ ಕುಟುಂಬಗಳಿಗೆ ತಲಾ ಮೂರು ಲಕ್ಷ ಕೊಡಿ ಎಂಬ ಆದೇಶ ಬಂದಾಗ 2016. ಅಲ್ಲಿಂದ ಮೂರು ವರ್ಷಕ್ಕೆ ರಾಜಸ್ಥಾನ ನೀತಿ ಮಾಡಿತು: ರೋಗ ದೃಢಪಟ್ಟರೆ ಮೂರು ಲಕ್ಷ, ಸತ್ತರೆ ಇನ್ನೆರಡು. ಅದೂ ನಮ್ಮಂತೆ ಕಲ್ಲಿನ ನಾಡು. ಆಸ್ಟ್ರೇಲಿಯಾದವರದು ಇನ್ನೂ ಅತಿರೇಕ. ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕಲ್ಲಿನಲ್ಲಿ ಸಿಲಿಕಾ ವಿಪರೀತ, ಕತ್ತರಿಸುವ ಹುಡುಗರು ಸಾಯುತ್ತಿದ್ದಾರೆ ಎಂದು 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿದರು. ಅದೇ ನಮೂನೆಯ ಕಟ್ಟೆ ನಮ್ಮ ಕಡೆ ಹೊಸ ಮನೆಯ ಗೃಹಪ್ರವೇಶದಲ್ಲಿ ಬೀಗರಿಗೆ ತೋರಿಸುವ ವಸ್ತು. ಒಂದು ಕಲೆ ಕೂಡ ಕೂರುವುದಿಲ್ಲ ಅಂತ ಯಜಮಾನರು ಒರೆಸಿ ಒರೆಸಿ ತೋರಿಸುತ್ತಾರೆ.

ಹೇಳಿದ ಹಾಗೆ ನೀರಿನ ವಿಷಯ. ಕೊರೆಯುವಾಗ ನೀರು ಬಿಡಬೇಕು, ಕ್ರಷರಿನ ಬಾಯಿಗೆ ನೀರು ಸಿಂಪಡಿಸಬೇಕು, ಜಲ್ಲಿ ಸಾಗಿಸುವ ಪಟ್ಟೆಗಳನ್ನು ಮುಚ್ಚಬೇಕು. ಕಷ್ಟದ ವಿದ್ಯೆಯೇನಲ್ಲ. ಆದರೆ ನಮ್ಮದು ದೋಆಬ್, ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ಈ ನಡುನಾಡಿಗಾಗಿ ವಿಜಯನಗರದವರೂ ಬಹಮನಿಯವರೂ ತಲೆಮಾರುಗಟ್ಟಲೆ ಹೊಡೆದಾಡಿದರು, 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗಾಗಿ ರಕ್ತ ಹರಿಸಿದ. ಎರಡು ನದಿಯ ನಡುವೆ ಕುಳಿತ ಕ್ರಷರಿಗೆ ಮಾತ್ರ ನೀರಿನ ಅಭಾವ. ಸ್ಪ್ರಿಂಕ್ಲರ್ ಇದೆ, ಇಲ್ಲವೆಂದಲ್ಲ. ಸಾಹೇಬರ ಜೀಪು ಬರುವ ದಿನ ಕಾರಂಜಿಯಂತೆ ಹಾರುತ್ತದೆ, ಕೂಲಿಯವರ ಮಕ್ಕಳು ಅದರಲ್ಲಿ ಕುಣಿಯುತ್ತವೆ. ಜೀಪು ಹೋದ ಮೇಲೆ ಮೋಟಾರಿಗೆ ಸುಸ್ತು. ಮೋರೆಗೆ ಏನು ಕಟ್ಟುತ್ತೀರಿ ಎಂದು ಕೇಳಿದರೆ ವಲ್ಲಿ ತೋರಿಸುತ್ತಾರೆ. ವಲ್ಲಿಯ ನೂಲಿನ ಸಂದಿಯಲ್ಲಿ ಆ ಧೂಳು ಮೆರವಣಿಗೆಯಲ್ಲಿ ಹೋಗಬಹುದು. ಸರಿಯಾದ ಮಾಸ್ಕ್ ಕೊಡಿಸಿದ್ದೇವೆ, ಅವರೇ ಹಾಕುವುದಿಲ್ಲ ಎನ್ನುವ ಮಾಲೀಕರಿದ್ದಾರೆ. ಮೇ ತಿಂಗಳ ರಾಯಚೂರು ಬಿಸಿಲಿನಲ್ಲಿ ಅದನ್ನು ಕಟ್ಟಿಕೊಂಡು ಒಂದು ಪಾಳಿ ಕಲ್ಲು ತುಂಬಿ ತೋರಿಸಿದ ಮಾಲೀಕರು ಯಾರೂ ನನಗೆ ಸಿಕ್ಕಿಲ್ಲ.

ನಮ್ಮ ಜಿಲ್ಲೆಯ ಜನ ಆರೋಗ್ಯದ ಬಗ್ಗೆ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಬರಲಿ, ಖಂಡಿತ ಬರಲಿ. ಅದರ ಕಟ್ಟಡಕ್ಕೆ ಜಲ್ಲಿ ನಾವೇ ಒಡೆಯುತ್ತೇವೆ. ಅಲ್ಲಿಯವರೆಗೆ ಇರುವ ದುಡ್ಡಿನ ಲೆಕ್ಕವನ್ನಾದರೂ ನೋಡಬಹುದು. 2015ರಿಂದ ಗಣಿ ಇರುವ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನ ನಿಧಿ ಇದೆ; ಕನಿಷ್ಠ ಶೇ 60ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಕೆಲಸಕ್ಕೆ ಬಳಸಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳಿತು. ಗಣಿಯ ಧೂಳು ಕುಡಿದವನ ಎದೆಯ ಫೋಟೋ ತೆಗೆಯುವುದು ಆರೋಗ್ಯದ ಕೆಲಸವೋ ಅಲ್ಲವೋ ಎಂಬುದನ್ನು ಸಮಿತಿಯೊಂದು ತೀರ್ಮಾನಿಸಲಿ. ಸಮುದಾಯ ಭವನ ಕೂಡ ಒಂದು ಲೆಕ್ಕದಲ್ಲಿ ಆರೋಗ್ಯವೇ, ಸತ್ತವನ ದಿನದ ಊಟಕ್ಕೆ ಜಾಗವಾಗುತ್ತದೆ. ಸಿಲಿಕೋಸಿಸ್ಸನ್ನು 2030ರ ಹೊತ್ತಿಗೆ ಭೂಮಿಯಿಂದ ಅಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1995ರಲ್ಲೇ ಗುರಿ ಇಟ್ಟಿವೆ. ನಾವು ಅವರಿಗಿಂತ ಮುಂದಿದ್ದೇವೆ. ನಮ್ಮ ದವಾಖಾನೆಯ ಪುಸ್ತಕಗಳಲ್ಲಿ ಹುಡುಕಿದರೆ ಆ ಹೆಸರು ಈಗಲೇ ಸಿಗುವುದು ಕಷ್ಟ.

ಆರೋಗ್ಯ ಇಲಾಖೆಯಿಂದ, ಕಾರ್ಮಿಕ ಇಲಾಖೆಯಿಂದ ಆಗದ್ದು ಇನ್ನೊಂದು ಇಲಾಖೆಯಿಂದ ಆದೀತು ಎಂಬ ಆಸೆ ನನಗಿದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ಕಲ್ಲಿನ ವಿಷಯದಲ್ಲಿ ಬಿಗಿ. 1994ರ ಉಪಖನಿಜ ನಿಯಮಗಳ ಪ್ರಕಾರ ರಾಜಧನ ಕಟ್ಟದೆ, ಪರ್ಮಿಟ್ ಇಲ್ಲದೆ ಒಂದು ಟ್ರ್ಯಾಕ್ಟರು ಕಲ್ಲು ಕೂಡ ಕ್ವಾರಿಯಿಂದ ಆಚೆ ಹೋಗಬಾರದು. ಹಾಗಿರುವಾಗ ಈ ಕಾಕಾ ಎಷ್ಟೋ ವರ್ಷಗಳಿಂದ, ದಿನಾ ಸಂಜೆ, ಒಂದು ಪೈಸೆ ರಾಜಧನ ಕಟ್ಟದೆ ಎದೆಯಲ್ಲಿ ಕಲ್ಲು ತುಂಬಿಕೊಂಡು ಗೇಟು ದಾಟಿದ್ದಾನೆ. ಇದು ಅಕ್ರಮ ಸಾಗಣೆ. ಮನೆಗೆ ಒಯ್ದು ಇಟ್ಟುಕೊಂಡಿರುವುದರಿಂದ ಅಕ್ರಮ ದಾಸ್ತಾನು. ಅವನ ಮೇಲೆ ಕೇಸು ಹಾಕಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಕೇಸು ಹಾಕಿದರೆ ಪಂಚನಾಮೆ ಬರೆಯಲೇಬೇಕು. ಕಲ್ಲು ಎಂಥದ್ದು, ಎಷ್ಟು, ಯಾವ ಸರ್ವೆ ನಂಬರಿನ ಕ್ವಾರಿಯಿಂದ ಬಂತು, ಲೀಸು ಯಾರ ಹೆಸರಿನಲ್ಲಿದೆ, ಎಷ್ಟು ವರ್ಷದಿಂದ ಸಾಗಣೆ ನಡೆದಿದೆ, ತುಂಬಿಸಿದವರು ಯಾರು: ಎಲ್ಲ ಕಲಂಗಳನ್ನೂ ಇಬ್ಬರು ಪಂಚರ ಮುಂದೆ ಕೇಳಿ ತುಂಬಬೇಕು. 'ಕೂಲಿ' ಎಂದು ಬರೆದು ಮುಗಿಸಲು ಪೊಲೀಸರು ಡಾಕ್ಟರರಲ್ಲ. ಆಮೇಲೆ ವಾಹನ ಜಪ್ತಿ ಮಾಡುತ್ತಾರೆ, ಮಾಡಲಿ. ಠಾಣೆಯ ಅಂಗಳದಲ್ಲಿ ಬೇವಿನ ನೆರಳಿರುತ್ತದೆ, ವಿಚಾರಣೆ ಮುಗಿಯುವವರೆಗೆ ಕಾಕಾ ಅಲ್ಲೇ ಕೂರಲಿ. ಎದೆಯ ಫೋಟೋಗಳ ಚೀಲವನ್ನು ಸಾಕ್ಷ್ಯವಾಗಿ ಅವರೇ ಇಟ್ಟುಕೊಳ್ಳಲಿ, ಪಂಚನಾಮೆಯ ಒಂದು ನಕಲು ಮಾತ್ರ ಅವನ ಕೈಗೆ ಕೊಡಲಿ. ಪರಿಹಾರದ ಅರ್ಜಿಗೆ ಬೇಕಾದ ಮಾಲೀಕನ ಹೆಸರು ಅದರಲ್ಲಿ ಸೀಲು ಸಮೇತ ಇರುತ್ತದೆ.